ಹೊಸ್ತಿಲ ಮೇಲೆ ನಿಂತ ಮನಸ್ಸು

ಜೂನ್ ತಿಂಗಳ ಮೊದಲ ವಾರ ಮುಂಡರಗಿಯ ಬಸ್ ನಿಲ್ದಾಣದಲ್ಲಿ ಪ್ರತಿ ವರ್ಷ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಹೊಸ ಟ್ರಂಕು, ಅದರ ಮೇಲೊಂದು ಸುತ್ತಿದ ಹಾಸಿಗೆ, ಪಕ್ಕದಲ್ಲಿ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ. ಹತ್ತನೆಯ ಇಯತ್ತೆ ಮುಗಿಸಿದ ಹುಡುಗ ಗದಗಿಗೋ, ಧಾರವಾಡಕ್ಕೋ ಪಿ.ಯು. ವಿಜ್ಞಾನ ಓದಲು ಹೊರಟಿರುತ್ತಾನೆ. ತಂದೆ ಟ್ರಂಕನ್ನು ಬಸ್ಸಿಗೆ ಹತ್ತಿಸುತ್ತಾನೆ. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ಹುಡುಗನ ಮುಖದಲ್ಲಿ ಮಾತ್ರ ಅಳುವಿಲ್ಲ. ಊರಿನ ಗೆಳೆಯರಿಗಿಂತ ಒಂದು ಹೆಜ್ಜೆ ಮುಂದೆ ಹೋದ ಹೆಮ್ಮೆ ಅವನದು.

ನಾಲ್ಕನೆಯ ವಾರಕ್ಕೆ ಅದೇ ಹುಡುಗನ ಫೋನು ಬರುತ್ತದೆ.

"ಅಪ್ಪಾ, ಇಲ್ಲಿ ಒಂದೂ ತಿಳಿವಲ್ದು. ನಾ ಊರಿಗೆ ಬಂದ್ಬಿಡ್ತೇನಿ."

ತಂದೆಗೆ ಸಿಟ್ಟು ಬರುತ್ತದೆ. ಫೀ ತುಂಬಿ ತಿಂಗಳಾಗಿಲ್ಲ. ಬಿತ್ತನೆಗೆಂದು ಇಟ್ಟ ದುಡ್ಡು ಅದರಲ್ಲಿ ಸೇರಿದೆ. "ಎಲ್ಲಾರೂ ಓದಾಕತ್ತಿಲ್ಲೇನ? ನಿನಗೊಬ್ಬಗ ಏನ ಆಗೇತಿ?" ಎಂದು ಗದರಿ ಫೋನು ಇಡುತ್ತಾನೆ. ಆ ರಾತ್ರಿ ಎರಡೂ ಕಡೆ ನಿದ್ದೆಯಿಲ್ಲ.

ಈ ಸಂಭಾಷಣೆಯಲ್ಲಿ ತಪ್ಪು ಯಾರದು ಎಂದು ಕೇಳುವುದರಿಂದ ಲಾಭವಿಲ್ಲ. ಹುಡುಗ ದಡ್ಡನಲ್ಲ, ಹತ್ತನೆಯ ಇಯತ್ತೆಯಲ್ಲಿ ಶಾಲೆಗೆ ಮೊದಲಿಗನಾದವನು. ತಂದೆ ಕಠೋರನಲ್ಲ; ಮಗನಿಗಾಗಿಯೇ ದುಡಿಯುವವನು. ಇಬ್ಬರೂ ಒಂದು ಸಣ್ಣ ವಿಷಯವನ್ನು ಮರೆತಿದ್ದಾರೆ. ಮುಂಡರಗಿಯಿಂದ ಗದಗಿಗೆ ಬಸ್ಸು ಒಂದು ಬೆಳಗಿನೊಳಗೆ ಮುಟ್ಟುತ್ತದೆ. ಮನಸ್ಸು ಆ ಬಸ್ಸಿನಲ್ಲಿ ಬಂದಿರುವುದಿಲ್ಲ. ಅದು ಹಿಂದಿನಿಂದ ನಡೆದುಕೊಂಡು ಬರುತ್ತಿರುತ್ತದೆ.

ಅಮೆರಿಕದ ವಿಲಿಯಂ ಬ್ರಿಜಸ್ ಎಂಬ ಲೇಖಕರು ಈ ಅಂತರವನ್ನೇ ಹಿಡಿದು 1980ರಲ್ಲಿ ಒಂದು ಪುಸ್ತಕ ಬರೆದರು. ಅವರು ಮನಶ್ಶಾಸ್ತ್ರ ಓದಿದವರಲ್ಲ, ಸಾಹಿತ್ಯದ ಪ್ರಾಧ್ಯಾಪಕರು. ಕಾಲೇಜಿನ ಕೆಲಸ ಬಿಟ್ಟು ಬೇರೆ ಜೀವನಕ್ಕೆ ತೊಡಗಿದಾಗ ತಮ್ಮ ಮನಸ್ಸು ಏಕಿಷ್ಟು ಕಂಗೆಟ್ಟಿತು ಎಂಬ ಪ್ರಶ್ನೆ ಅವರನ್ನು ಆ ಕಡೆಗೆ ಒಯ್ದಿತು. ಬದಲಾವಣೆ ಬೇರೆ, ಸ್ಥಿತ್ಯಂತರ ಬೇರೆ ಎಂಬುದು ಅವರ ವಾದದ ತಿರುಳು. ಬದಲಾವಣೆ ಹೊರಗೆ ನಡೆಯುತ್ತದೆ, ಅದಕ್ಕೆ ದಿನಾಂಕವಿದೆ. ಸ್ಥಿತ್ಯಂತರ ಒಳಗೆ ನಡೆಯುತ್ತದೆ, ಅದಕ್ಕೆ ಕ್ಯಾಲೆಂಡರು ಇಲ್ಲ. ಇನ್ನೂ ಒಂದು ಮಾತನ್ನು ಅವರು ಒತ್ತಿ ಹೇಳಿದರು: ಸ್ಥಿತ್ಯಂತರ ಶುರುವಾಗುವುದು ಹೊಸದರಿಂದಲ್ಲ, ಹಳೆಯದೊಂದು ಮುಗಿಯುವುದರಿಂದ. ಮೊದಲು ಮುಕ್ತಾಯ, ಆಮೇಲೆ ಅತ್ತಲೂ ಇಲ್ಲದ ಇತ್ತಲೂ ಇಲ್ಲದ ನಡುಗಾಲ, ಕೊನೆಗೆ ಹೊಸ ಆರಂಭ. ಹಾಸ್ಟೆಲ್ಲಿಗೆ ಹೋಗುವ ಹುಡುಗನಿಗೆ ಎಲ್ಲರೂ ಹೊಸ ಕಾಲೇಜಿನ ಬಗ್ಗೆ ಹೇಳುತ್ತಾರೆ. ಅವನದು ಏನೇನು ಮುಗಿಯಿತು ಎಂದು ಯಾರೂ ಕೇಳುವುದಿಲ್ಲ.

ಊರಿನ ಹಣೆಬರಹ

ಬದಲಾವಣೆಗಳ ವಿಷಯದಲ್ಲಿ ಗದಗ ಸೀಮೆಯ ಹಿರಿಯರಿಗೆ ಪಾಠ ಹೇಳಬೇಕಾದ ಅಗತ್ಯವಿಲ್ಲ. ಲಕ್ಷ್ಮೇಶ್ವರದಲ್ಲಿ 1940ರ ಸುಮಾರಿಗೆ ಹುಟ್ಟಿ, ಸೋಮೇಶ್ವರ ಗುಡಿಯ ಹತ್ತಿರದ ಅದೇ ಮನೆಯಲ್ಲಿ ಇಡೀ ಆಯುಷ್ಯ ಕಳೆದ ಒಬ್ಬ ಅಜ್ಜನನ್ನು ಊಹಿಸಿಕೊಂಡರೆ ಸಾಕು. ಅವನು ಹುಟ್ಟಿದಾಗ ಊರು ಮಿರಜ ಸಂಸ್ಥಾನದ್ದು. ನೆರೆಯ ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಗದಗ, ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ತುಂಗಭದ್ರೆಯ ಆಚೆ ದಂಡೆಯ ಹಡಗಲಿಯವರು ಮದ್ರಾಸಿನವರು, ಪೂರ್ವಕ್ಕೆ ಕೊಪ್ಪಳದವರು ನಿಜಾಮನ ಪ್ರಜೆಗಳು. 1948ರಲ್ಲಿ ಸಂಸ್ಥಾನಗಳು ವಿಲೀನವಾಗಿ ಅಜ್ಜ ಮುಂಬಯಿಯವನಾದ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವನಾದ. 1973ರ ನವೆಂಬರ್ 1ರಂದು ಕರ್ನಾಟಕದವನಾದ. 1997ರ ಆಗಸ್ಟಿನಲ್ಲಿ ಗದಗ ಜಿಲ್ಲೆಯಾದಾಗ ಧಾರವಾಡದ ನಂಟು ಕಳಚಿತು. ಊರಿನ ಗಾಡಿಗಳ ಮೇಲೆ ಕೆಎ-25ರ ಬದಲು ಕೆಎ-26 ಬರತೊಡಗಿತು. 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾಗಿ, ಶಿರಹಟ್ಟಿ ತಾಲ್ಲೂಕಿನಿಂದ ಬೇರೆಯಾಗಿ ಲಕ್ಷ್ಮೇಶ್ವರವೇ ತಾಲ್ಲೂಕಾಯಿತು. ಅಜ್ಜ ಮಾತ್ರ ಮನೆಯ ಕಟ್ಟೆ ಬಿಟ್ಟು ಇಳಿದಿರಲಿಲ್ಲ.

ಇಷ್ಟೆಲ್ಲ ಆದರೂ ಅವನ ಬಾಯಲ್ಲಿ ತಹಸೀಲ್ದಾರರ ಕಚೇರಿ ಇಂದಿಗೂ "ಮಾಮಲೇದಾರ ಕಚೇರಿ"ಯೇ. ಕಾಗದದ ಮೇಲಿನ ಬದಲಾವಣೆ ನಾಲಗೆಯ ಮೇಲೆ ಬರುವುದಕ್ಕೆ ಒಂದು ತಲೆಮಾರು ಹಿಡಿಯುತ್ತದೆ. ದೊಡ್ಡ ಉದಾಹರಣೆಯೂ ಇಲ್ಲಿಯೇ ಇದೆ. ಕರ್ನಾಟಕದ ಏಕೀಕರಣಕ್ಕಾಗಿ ಈ ಭಾಗದ ಜನ ದಶಕಗಟ್ಟಲೆ ಹಂಬಲಿಸಿದರು. ನಾಡು ಒಂದಾದದ್ದು 1956ರಲ್ಲಿ. ಆದರೆ ರಾಜ್ಯದ ಹೆಸರು ಮೈಸೂರು ಎಂದೇ ಉಳಿಯಿತು. ನಾಡಿನ ಹೆಸರು ಕರ್ನಾಟಕವಾಗಲು ಮತ್ತೆ 17 ವರ್ಷ ಬೇಕಾದವು. ಬೇಡಿ ಪಡೆದ, ಸಂತೋಷದ ಬದಲಾವಣೆಗೂ ಅಷ್ಟು ದೀರ್ಘವಾದ ನಡುಗಾಲವಿತ್ತು. ಹದಿನಾರು ವರ್ಷದ ಹುಡುಗ ನಾಲ್ಕು ವಾರಗಳಲ್ಲಿ ಹೊಂದಿಕೊಳ್ಳಲಿಲ್ಲ ಎಂದು ಗದರುವ ಮುನ್ನ ಇದನ್ನೊಮ್ಮೆ ನೆನೆಯಬಹುದು.

ಹೇಳಿ ಬರುವುದು, ಹೇಳದೆ ಬರುವುದು, ಬಾರದೇ ಹೋದದ್ದು

ಎಲ್ಲ ಬದಲಾವಣೆಗಳೂ ಒಂದೇ ಜಾತಿಯವಲ್ಲ. ಅಮೆರಿಕದ ಆಪ್ತಸಲಹಾ ತಜ್ಞೆ ನ್ಯಾನ್ಸಿ ಷ್ಲಾಸ್‌ಬರ್ಗ್ ಇವುಗಳನ್ನು ವಿಂಗಡಿಸಿದ ರೀತಿ ಸರಳವಾಗಿದೆ. ಹೇಳಿ ಬರುವ ಬದಲಾವಣೆಗಳು ಒಂದು ಬಗೆ: ಹತ್ತನೆಯ ಇಯತ್ತೆ ಮುಗಿಯುವುದು, ಕಾಲೇಜು, ಮದುವೆ, ನೌಕರಿ. ಇವಕ್ಕೆ ಮನೆಯವರು ತಯಾರಿ ಮಾಡಿಕೊಳ್ಳಬಹುದು. ಹೇಳದೆ ಬರುವವು ಇನ್ನೊಂದು ಬಗೆ: ಮನೆಯ ಯಜಮಾನನ ಅಕಾಲ ಮರಣ, ಅಪಘಾತ, 2020ರ ಮಾರ್ಚಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಮುಚ್ಚಿದ ಶಾಲೆ. ಇವು ಬಂದಾಗ ದುಃಖದ ಜೊತೆಗೆ ದಿಗ್ಭ್ರಮೆಯೂ ಸೇರಿರುತ್ತದೆ.

ಆದರೆ ಅವರು ಗುರುತಿಸಿದ ಮೂರನೆಯ ಬಗೆಯೇ ನಮ್ಮ ಮನೆಗಳಲ್ಲಿ ಹೆಚ್ಚು ಕಡೆಗಣಿಸಲ್ಪಟ್ಟಿರುವುದು. ಬರುತ್ತದೆಂದು ಕಾದು ಕುಳಿತದ್ದು ಬಾರದೇ ಹೋಗುವುದು. ಮೆಡಿಕಲ್ ಸೀಟು ಸಿಗುತ್ತದೆಂದು ಊರೆಲ್ಲ ಹೇಳುತ್ತಿತ್ತು, ಸಿಗಲಿಲ್ಲ. ಅಕ್ಕಪಕ್ಕದವರ ಕಣ್ಣಿಗೆ ಏನೂ ನಡೆದಿಲ್ಲ. ಯಾರೂ ಸತ್ತಿಲ್ಲ, ಯಾರೂ ಊರು ಬಿಟ್ಟಿಲ್ಲ. ಸಮಾಧಾನ ಹೇಳಲು ಯಾರೂ ಬರುವುದಿಲ್ಲ, ಏಕೆಂದರೆ ಸಮಾಧಾನಕ್ಕೆ ಕಾರಣವಾದ ಘಟನೆಯೇ ಇಲ್ಲ. ಶಿರಹಟ್ಟಿಯ ಕಡೆಯ ಹಳ್ಳಿಯೊಂದರ ಹುಡುಗಿ ಹತ್ತನೆಯ ಇಯತ್ತೆಯಲ್ಲಿ ಒಳ್ಳೆಯ ಅಂಕ ಪಡೆದು, ಗದಗಿನ ಕಾಲೇಜಿನ ಅರ್ಜಿಯನ್ನೂ ತರಿಸಿ, ಕೊನೆಗೆ "ಹೆಣ್ಣಮಗಳನ್ನ ದೂರ ಕಳಿಸೂದು ಬ್ಯಾಡ" ಎಂಬ ಒಂದೇ ಮಾತಿಗೆ ಮನೆಯಲ್ಲಿ ಉಳಿದಾಗ ಅವಳ ಜೀವನದಲ್ಲಿ ಏನು ಬದಲಾಯಿತು? ಏನೂ ಇಲ್ಲ. ಅದೇ ಅವಳ ಸಂಕಟ. ಅವಳು ಎರಡು ತಿಂಗಳು ಸರಿಯಾಗಿ ಉಣ್ಣದಿದ್ದರೆ ಅದನ್ನು ಹಠವೆಂದು ಕರೆಯುವುದು ಅನ್ಯಾಯ. ಅವಳು ಓದಬೇಕಿದ್ದ ಕಾಲೇಜು ಅವಳ ಮಟ್ಟಿಗೆ ಸತ್ತಿದೆ.

ನಾಲ್ಕನೆಯದೊಂದನ್ನೂ ಸೇರಿಸಬಹುದು, ಅದು ತಜ್ಞರ ಪುಸ್ತಕಕ್ಕಿಂತ ಬೆಟಗೇರಿಯ ಓಣಿಗಳಲ್ಲಿ ಚೆನ್ನಾಗಿ ಕಾಣುತ್ತದೆ. ಗದಗ ಮತ್ತು ಬೆಟಗೇರಿ ಅವಳಿ ಊರುಗಳು, ಒಂದೇ ನಗರಸಭೆ. ಬೆಟಗೇರಿ ನೇಕಾರರ ಊರು. ಕೈಮಗ್ಗದ ಸದ್ದಿನ ಬದಲು ವಿದ್ಯುತ್ ಮಗ್ಗದ ಸದ್ದು ಬಂದದ್ದು ಒಂದು ದಿನದಲ್ಲಲ್ಲ. ಒಂದು ಮನೆಯಲ್ಲಿ ಮಗ್ಗ ನಿಂತಿತು, ವರ್ಷದ ಮೇಲೆ ಇನ್ನೊಂದು ಮನೆಯಲ್ಲಿ. ಇಂಥ ನಿಧಾನದ ಬದಲಾವಣೆಗೆ ಯಾರೂ ಅಳುವುದಿಲ್ಲ, ಏಕೆಂದರೆ ಅಳುವುದಕ್ಕೆ ಒಂದು ಗೊತ್ತಾದ ದಿನವಿಲ್ಲ. ಅಪ್ಪನ ಮಗ್ಗದ ಮುಂದೆ ಬೆಳೆದ ಹುಡುಗ ಲೆಕ್ಕಪತ್ರ ಓದುತ್ತಿರುವಾಗ, ಅಪ್ಪನಿಗೆ ಸಂತೋಷವೂ ಇರುತ್ತದೆ, ಹೆಸರಿಡಲಾಗದ ಒಂದು ಕೊರಗೂ ಇರುತ್ತದೆ.

ಸಂತೋಷದ ಬದಲಾವಣೆಯಲ್ಲಿ ಒತ್ತಡವಿಲ್ಲ ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. 1967ರಲ್ಲಿ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಇಬ್ಬರು ವೈದ್ಯರು 43 ಜೀವನಘಟನೆಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಮನುಷ್ಯ ಎಷ್ಟು ಹೊಂದಿಕೊಳ್ಳಬೇಕಾಗುತ್ತದೆ ಎಂಬ ಅಂದಾಜಿನ ಮೇಲೆ ಅಂಕ ಕೊಟ್ಟರು. ಬಾಳಸಂಗಾತಿಯ ಮರಣಕ್ಕೆ 100. ಮದುವೆಗೆ 50. ಶಾಲೆ ಸೇರುವುದು ಅಥವಾ ಮುಗಿಸುವುದಕ್ಕೆ 26. ಮನೆ ಬದಲಾಯಿಸಲು 20, ಶಾಲೆ ಬದಲಾಯಿಸಲು 20. ಸೋಜಿಗವೆಂದರೆ, ದೊಡ್ಡ ಸಾಧನೆ ಮಾಡಿ ಮೆಚ್ಚುಗೆ ಪಡೆಯುವುದಕ್ಕೂ 28 ಅಂಕವಿದೆ! ಅಮೆರಿಕದ ಲೆಕ್ಕವನ್ನು ಗದಗಿಗೆ ಹಾಗೆಯೇ ತರಲಾಗದು. ಆದರೂ ಮುಂಡರಗಿಯ ನಮ್ಮ ಹುಡುಗನ ತಲೆಯ ಮೇಲೆ ಒಂದೇ ಜೂನ್ ತಿಂಗಳಲ್ಲಿ ಇವುಗಳಲ್ಲಿ ಎಷ್ಟು ಒಟ್ಟಿಗೆ ಬಿದ್ದವು ಎಂಬುದನ್ನು ಎಣಿಸಿ ನೋಡಬಹುದು: ಶಾಲೆ ಮುಗಿಯಿತು, ಕಾಲೇಜು ಬದಲಾಯಿತು, ವಾಸ ಬದಲಾಯಿತು, ಮೇಲೆ ಶಾಲೆಗೆ ಮೊದಲಿಗನಾದ ಕೀರ್ತಿಯ ಭಾರ ಬೇರೆ.

ಗೊತ್ತಿದ್ದದ್ದೇ ಗೊತ್ತಿಲ್ಲದಂತಾದಾಗ

ಆ ಹುಡುಗನ ತರಗತಿಯೊಳಗೆ ಒಮ್ಮೆ ಹೊಕ್ಕು ನೋಡಬೇಕು. ಹತ್ತು ವರ್ಷ ಕನ್ನಡದಲ್ಲಿ ಓದಿದವನು. ಬಲ, ದ್ರವ್ಯರಾಶಿ, ವೇಗೋತ್ಕರ್ಷ ಇವುಗಳ ಸಂಬಂಧವನ್ನು ಅವನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲ. ಇಲ್ಲಿ ಫಲಕದ ಮೇಲೆ ಫೋರ್ಸ್, ಮಾಸ್, ಆಕ್ಸಲರೇಶನ್ ಎಂದು ಬಂದಿದೆ. ದ್ಯುತಿಸಂಶ್ಲೇಷಣೆ ಫೋಟೋಸಿಂಥೆಸಿಸ್ ಆಗಿದೆ. ಪಕ್ಕದಲ್ಲಿ ಕುಳಿತ ಇಂಗ್ಲಿಷ್ ಮಾಧ್ಯಮದ ಹುಡುಗ ಥಟ್ಟನೆ ಉತ್ತರಿಸುತ್ತಾನೆ. ಇವನು ಪ್ರಶ್ನೆಯನ್ನು ಕನ್ನಡಕ್ಕೆ ತಂದು, ಉತ್ತರವನ್ನು ಕನ್ನಡದಲ್ಲಿ ಹುಡುಕಿ, ಮರಳಿ ಇಂಗ್ಲಿಷಿಗೆ ಒಯ್ಯುವ ಹೊತ್ತಿಗೆ ಮೇಷ್ಟ್ರು ಮುಂದಿನ ಪುಟಕ್ಕೆ ಹೋಗಿರುತ್ತಾರೆ. ಹುಡುಗನ ಜ್ಞಾನ ಎಲ್ಲಿಯೂ ಹೋಗಿಲ್ಲ. ಆದರೆ ಅವನಿಗೆ ತಾನು ದಡ್ಡನಾದೆ ಅನಿಸುತ್ತದೆ. ಅವನು ಕಳೆದುಕೊಂಡದ್ದು ಊರನ್ನಲ್ಲ, ಅವ್ವನ ಅಡಿಗೆಯನ್ನೂ ಅಲ್ಲ. "ಜಾಣ ಹುಡುಗ" ಎಂಬ ತನ್ನ ಗುರುತನ್ನು. ಹದಿನಾರರ ಪ್ರಾಯದಲ್ಲಿ ಇದಕ್ಕಿಂತ ದೊಡ್ಡ ಆಸ್ತಿ ಬೇರೆ ಇರುವುದಿಲ್ಲ.

ಇಂಥ ನಷ್ಟಕ್ಕೆ ಮನಸ್ಸು ಹೇಗೆ ಸ್ಪಂದಿಸುತ್ತದೆ ಎನ್ನುವಾಗ ಸಾಮಾನ್ಯವಾಗಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರ ಐದು ಹಂತಗಳನ್ನು ಹೆಸರಿಸುತ್ತಾರೆ. ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಈ ಮನೋವೈದ್ಯೆ ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳೊಡನೆ ಮಾತನಾಡಿ 1969ರಲ್ಲಿ ಬರೆದ ಪುಸ್ತಕದಲ್ಲಿ ಅಲ್ಲಗಳೆಯುವುದು, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ ಎಂಬ ಐದನ್ನು ವಿವರಿಸಿದರು. ಅವರು ಬರೆದದ್ದು ಸಾಯುತ್ತಿರುವವರ ಬಗ್ಗೆ. ಆಮೇಲೆ ಜನ ಅದನ್ನು ನೌಕರಿ ಹೋದವರಿಗೆ, ಪರೀಕ್ಷೆಯಲ್ಲಿ ಸೋತವರಿಗೆ, ಊರು ಬಿಟ್ಟವರಿಗೆ ಎಲ್ಲರಿಗೂ ಅನ್ವಯಿಸಿದರು. ಅನ್ವಯ ಪೂರಾ ತಪ್ಪೇನಲ್ಲ. ಮೊದಲ ವಾರ ಹುಡುಗ "ಎಲ್ಲಾ ಅರಾಮ ಐತಿ" ಎನ್ನುತ್ತಾನೆ. ಎರಡನೆಯ ವಾರ ಅವ್ವನ ಮೇಲೆ, ಊಟದ ಮೇಲೆ, ಕೋಣೆಯ ಜೊತೆಗಾರರ ಮೇಲೆ ಸಿಟ್ಟು. ಮೂರನೆಯ ವಾರ ಚೌಕಾಶಿ: "ಇಲ್ಲೇ ಮುಂಡರಗ್ಯಾಗ ಆರ್ಟ್ಸ್ ತಗೊಂಡ್ರ ನಡೀತೈತಲ್ಲ?" ನಾಲ್ಕನೆಯ ವಾರ ಮಾತೇ ಕಡಿಮೆ.

ಆದರೆ ಇದನ್ನು ಬಸ್ಸಿನ ನಿಲ್ದಾಣಗಳ ಪಟ್ಟಿಯಂತೆ ತಿಳಿಯಬಾರದು. ಗದಗ ಬಿಟ್ಟರೆ ಮುಂದೆ ಇಂಥ ಊರು, ಅದರ ಮುಂದೆ ಇಂಥ ಊರು ಎಂದು ಮನಸ್ಸು ಸಾಗುವುದಿಲ್ಲ. ಕೆಲವರಿಗೆ ಸಿಟ್ಟು ಬರುವುದೇ ಇಲ್ಲ. ಕೆಲವರು ಒಪ್ಪಿಕೊಂಡರು ಎನ್ನುವಷ್ಟರಲ್ಲಿ ಮತ್ತೆ ಮೊದಲಿಗೆ ಬರುತ್ತಾರೆ. ಸ್ವತಃ ಕ್ಯೂಬ್ಲರ್-ರಾಸ್ ಅವರೇ ತಮ್ಮ ಕೊನೆಯ ಪುಸ್ತಕದಲ್ಲಿ (ಅದು ಅವರ ಮರಣಾನಂತರ 2005ರಲ್ಲಿ ಬಂತು) ಈ ಹಂತಗಳನ್ನು ಜನ ತಪ್ಪಾಗಿ ತಿಳಿದಿದ್ದಾರೆ, ಗೋಜಲಾದ ಭಾವನೆಗಳನ್ನು ಓರಣವಾದ ಕಟ್ಟುಗಳಾಗಿ ಕಟ್ಟುವುದು ತಮ್ಮ ಉದ್ದೇಶವಾಗಿರಲಿಲ್ಲ ಎಂದು ಸ್ಪಷ್ಟಪಡಿಸಿದರು. "ಮಗ ಈಗ ಮೂರನೆಯ ಹಂತದಲ್ಲಿದ್ದಾನೆ" ಎಂದು ಲೆಕ್ಕ ಹಾಕುವ ಪಾಲಕರು ಮಗನ ಮಾತು ಕೇಳುವುದನ್ನು ಬಿಟ್ಟಿರುತ್ತಾರೆ. ಹಂತಗಳ ಉಪಯೋಗ ಒಂದೇ. ಮಗನ ಸಿಟ್ಟು ಸೊಕ್ಕಲ್ಲ, ಚೌಕಾಶಿ ಮೈಗಳ್ಳತನವಲ್ಲ ಎಂದು ಅವು ತೋರಿಸಿಕೊಡುತ್ತವೆ.

ಮೂರು ವರ್ಷದ ಅಲೆದಾಟ

ನಡುಗಾಲವೆಂದರೆ ಏನು ಎಂಬುದಕ್ಕೆ ಗದಗಿನವರು ದೂರ ಹುಡುಕಬೇಕಿಲ್ಲ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಗದಗಿನ ಶಾಲಾ ಶಿಕ್ಷಕರೊಬ್ಬರ ಮಗ. ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿದ ಹುಡುಗನಿಗೆ ಹಾಡುವುದೊಂದೇ ಗುರಿಯಾಯಿತು. 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ತುಪ್ಪದ ವಿಷಯಕ್ಕೆ ಅವ್ವನೊಡನೆ ಜಗಳವಾದದ್ದೇ ನೆಪ ಎಂಬ ಕಥೆಯೂ ಇದೆ. ರೈಲು ಹತ್ತಿದ ಹುಡುಗ ಪುಣೆ, ಗ್ವಾಲಿಯರ್, ಕಲಕತ್ತೆ ಎಂದು ಅಲೆದು ಜಲಂಧರ ಮುಟ್ಟಿದ. ಗ್ವಾಲಿಯರಿನ ಸಂಗೀತ ಶಾಲೆಯಲ್ಲಿ ಕೆಲಕಾಲ ಕಲಿತ. ಎಲ್ಲಿಯೂ ನೆಲೆ ನಿಲ್ಲಲಿಲ್ಲ. ಜಲಂಧರದಲ್ಲಿ ಭೇಟಿಯಾದ ವಿನಾಯಕರಾವ ಪಟವರ್ಧನರು, ಇಷ್ಟು ದೂರ ಏಕೆ ಬಂದೆ, ಸವಾಯಿ ಗಂಧರ್ವರು ನಿಮ್ಮ ಊರ ಹತ್ತಿರವೇ ಇದ್ದಾರಲ್ಲ ಎಂಬ ದಾರಿ ತೋರಿಸಿದರೆಂಬುದು ಪ್ರಸಿದ್ಧ. ಮಗನ ಜಾಡು ಹಿಡಿದು ಹೋದ ತಂದೆ ಮನೆಗೆ ಕರೆತಂದರು. 1936ರಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಬಳಿ ಶಿಷ್ಯವೃತ್ತಿ ಮೊದಲಾಯಿತು. ಅಲ್ಲಿಯೂ ಕೂಡಲೇ ಹಾಡು ಸಿಗಲಿಲ್ಲ. ಗುರುಗಳ ಮನೆಯ ಕೆಲಸ ಮೊದಲು, ಪಾಠ ಆಮೇಲೆ. ಮೊದಲ ಸಾರ್ವಜನಿಕ ಕಛೇರಿ ನಡೆದದ್ದು 1941ರಲ್ಲಿ.

ಈ ಕಥೆಯನ್ನು ಮನೆ ಬಿಟ್ಟು ಓಡಿಹೋಗಲು ಪ್ರೋತ್ಸಾಹವೆಂದು ಯಾರೂ ತಿಳಿಯಬಾರದು. ಹಾಗೆ ಓಡಿದ ಸಾವಿರ ಮಕ್ಕಳಲ್ಲಿ ಭಾರತರತ್ನರಾಗುವವರು ಒಬ್ಬರೂ ಇರುವುದಿಲ್ಲ. ಇಲ್ಲಿ ಗಮನಿಸಬೇಕಾದದ್ದು 1933 ಮತ್ತು 1936ರ ನಡುವಣ ಮೂರು ವರ್ಷ. ಹಳೆಯ ಜೀವನ ಮುಗಿದಿದೆ, ಹೊಸದು ಸಿಕ್ಕಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ವ್ಯರ್ಥ ಅಲೆದಾಟ. ತನಗೆ ಯಾವ ಗುರು ಬೇಕು ಎಂಬುದು ಹುಡುಗನಿಗೆ ತಿಳಿದದ್ದು ಆ ಅಲೆದಾಟದಲ್ಲಿಯೇ. ತಂದೆಯ ಪಾತ್ರವೂ ಗಮನಾರ್ಹ. ಹಿಡಿದು ತಂದವರು ಮಗನನ್ನು ಮತ್ತೆ ಅದೇ ಶಾಲೆಯ ಬೆಂಚಿನ ಮೇಲೆ ಕೂರಿಸಲಿಲ್ಲ, ಗುರುವಿನ ಬಳಿಗೆ ಕಳಿಸಿದರು. 1930ರ ದಶಕದ ಒಬ್ಬ ಶಾಲಾ ಶಿಕ್ಷಕರಿಗೆ ಅದು ಸುಲಭದ ತೀರ್ಮಾನವಾಗಿರಲಾರದು.

ಫ್ರಾನ್ಸಿನ ಆರ್ನಾಲ್ಡ್ ವಾನ್ ಗೆನೆಪ್ ಎಂಬ ವಿದ್ವಾಂಸರು 1909ರಲ್ಲಿಯೇ ಇಂಥ ನಡುಗಾಲಕ್ಕೆ ಹೊಸ್ತಿಲು ಎಂಬ ಅರ್ಥದ ಲ್ಯಾಟಿನ್ ಪದವನ್ನು ಬಳಸಿದರು. ಹುಟ್ಟು, ಪ್ರಾಯ, ಮದುವೆ, ಸಾವು ಇವುಗಳ ಆಚರಣೆಗಳಲ್ಲೆಲ್ಲ ಬೇರ್ಪಡುವುದು, ಹೊಸ್ತಿಲಲ್ಲಿ ನಿಲ್ಲುವುದು, ಒಳಸೇರುವುದು ಎಂಬ ಮೂರು ಭಾಗ ಇರುತ್ತವೆ ಎಂದರು. ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಮದುಮಗಳು ಗಂಡನ ಮನೆಯ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಕಾಲಿನಿಂದ ಒದ್ದು ಒಳಗೆ ಬರುವಾಗ ಇಡೀ ಬಳಗ ಸುತ್ತ ನಿಂತಿರುತ್ತದೆ. ತವರಿನಿಂದ ಕಳಿಸುವಾಗ ಅಳುವುದಕ್ಕೂ ಅಲ್ಲಿ ಒಂದು ಹೊತ್ತಿದೆ, ಹಾಡಿದೆ. ಪಿ.ಯು. ಕಾಲೇಜಿಗೆ ಹೋಗುವ ಹುಡುಗನಿಗೆ ಅಂಥ ಯಾವ ಶಾಸ್ತ್ರವೂ ಇಲ್ಲ. ಅವನಿಗೆ ಅಳಲು ಹೊತ್ತು ಗೊತ್ತುಮಾಡಿ ಕೊಟ್ಟವರಿಲ್ಲ. ಅದಕ್ಕೇ ಅವನು ರಾತ್ರಿ ಹೊದಿಕೆಯೊಳಗೆ ಅಳುತ್ತಾನೆ.

ತಂದೆತಾಯಿಯರ ನಡುಗಾಲ

ಬದಲಾವಣೆ ಮಗನದು ಮಾತ್ರ ಎಂದು ಪಾಲಕರು ತಿಳಿದಿರುತ್ತಾರೆ. ಮಗ ಹೋದ ಮೇಲೆ ರಾತ್ರಿ ಊಟಕ್ಕೆ ಒಂದು ತಾಟು ಕಡಿಮೆಯಾಗುತ್ತದೆ. ತಾಯಿ ಕೈತಪ್ಪಿ ಎರಡು ರೊಟ್ಟಿ ಹೆಚ್ಚು ಬಡಿಯುತ್ತಾಳೆ. ಸಂಜೆ ಎತ್ತುಗಳಿಗೆ ನೀರು ಕುಡಿಸುವ ಕೆಲಸ ಮತ್ತೆ ತಂದೆಯ ಪಾಲಿಗೆ ಬರುತ್ತದೆ. ಈ ಕೊರತೆಯನ್ನು ತುಂಬಿಕೊಳ್ಳಲು ಕೆಲವರು ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಾರೆ, ಊಟ ಮಾಡಿದ ತಾಟನ್ನು ವಿಡಿಯೊದಲ್ಲಿ ತೋರಿಸು ಎನ್ನುತ್ತಾರೆ. 2023ರ ಜೂನಿನಿಂದ ಹೆಂಗಸರಿಗೆ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಆದಿತ್ಯವಾರ ಹಾಸ್ಟೆಲ್ಲಿನ ಬಾಗಿಲಲ್ಲಿ ಬುತ್ತಿ ಹಿಡಿದು ನಿಲ್ಲುವುದು ಅವ್ವಂದಿರಿಗೆ ಸುಲಭವಾಯಿತು. ಪ್ರೀತಿಯನ್ನು ಯಾರೂ ತಪ್ಪೆನ್ನಲಾರರು. ಆದರೆ ಗಿಡ ನಾಟಿ ಮಾಡಿದವರು ಬೇರು ಹಿಡಿಯಿತೇ ಎಂದು ದಿನವೂ ಕಿತ್ತು ನೋಡುವುದಿಲ್ಲ. ಮೊದಲ ತಿಂಗಳು ಗೊತ್ತಾದ ಹೊತ್ತಿಗೆ ಒಂದು ಫೋನು, ಹದಿನೈದು ದಿನಕ್ಕೊಂದು ಭೇಟಿ ಸಾಕಾಗಬಹುದು. ಬಹಳ ಮಾಡಿ ಅವ್ವನ ಆತಂಕವೇ ಮಗನ ಆತಂಕವಾಗುತ್ತದೆ.

ಫೋನಿನಲ್ಲಿ ಏನು ಮಾತನಾಡಬೇಕು ಎಂಬುದೂ ಒಂದು ವಿದ್ಯೆಯೇ. "ಬಂದ್ಬಿಡ್ತೇನಿ" ಎಂಬ ಮಾತಿಗೆ "ಬಾ" ಎಂದೂ ಹೇಳದೆ, "ಬರಬ್ಯಾಡ" ಎಂದೂ ಹೇಳದೆ ಇನ್ನೊಂದು ದಾರಿ ಇದೆ: "ಏನ ತಿಳಿವಲ್ದು ಹೇಳು ನೋಡೋಣ, ತಮ್ಮಾ." ಹುಡುಗ ಭೌತಶಾಸ್ತ್ರ ಎನ್ನಬಹುದು. ತಂದೆಗೆ ಭೌತಶಾಸ್ತ್ರ ತಿಳಿಯದಿದ್ದರೂ ಚಿಂತೆಯಿಲ್ಲ. ಹುಡುಗ ಅದನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ "ಎಲ್ಲವೂ ತಿಳಿಯುವುದಿಲ್ಲ" ಎಂಬ ಗುಡ್ಡ ಕರಗಿ "ಎರಡು ಪಾಠ ತಿಳಿದಿಲ್ಲ" ಎಂಬ ದಿಬ್ಬವಾಗಿರುತ್ತದೆ. ಎರಡು ಅಂಕಣ ಗೀಚಿದ ಒಂದು ವಹಿಯಲ್ಲಿ ಒಂದು ಕಡೆ ಕನ್ನಡ ಪಾರಿಭಾಷಿಕ ಪದ, ಎದುರಿಗೆ ಇಂಗ್ಲಿಷ್ ಪದ ಬರೆದುಕೊಳ್ಳುವಂತೆ ಯಾರಾದರೂ ಹೇಳಿಕೊಟ್ಟರೆ, ಎರಡು ತಿಂಗಳಲ್ಲಿ ಆ ವಹಿ ಅರ್ಧ ತುಂಬುತ್ತದೆ, ಆಮೇಲೆ ಅದನ್ನು ತೆರೆಯುವ ಕೆಲಸವೇ ಬೀಳುವುದಿಲ್ಲ. ಹತ್ತನೆಯ ಇಯತ್ತೆಯ ಹಳೆಯ ಕನ್ನಡ ಪುಸ್ತಕಗಳನ್ನು ಟ್ರಂಕಿನಲ್ಲಿ ಹಾಕಿ ಕಳಿಸುವುದೂ ಒಳ್ಳೆಯದು. ಹಳೆಯದನ್ನು ಪೂರಾ ಬಿಟ್ಟುಕೊಡದೆ ಹೊಸದನ್ನು ಹಿಡಿಯಲು ಅವು ಊರುಗೋಲು.

ಇನ್ನು ಪರೀಕ್ಷೆಯ ಸೋಲು. ಈ ಸೀಮೆಯಲ್ಲಿ "ಫೇಲು" ಎಂಬ ಎರಡಕ್ಷರ ಕುಟುಂಬಗಳನ್ನೇ ಅಲುಗಿಸಿದೆ. 2023-24ರ ಶೈಕ್ಷಣಿಕ ವರ್ಷದಿಂದ ರಾಜ್ಯದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಮೂರರಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಲು ಆಗ ಅವಕಾಶವಿತ್ತು. ಒಂದು ದಿನದ ಫಲಿತಾಂಶಕ್ಕೆ ಇಡೀ ವರ್ಷ ಹೋಯಿತೆಂಬ ಭಯಕ್ಕೆ ಹಿಂದಿನಷ್ಟು ಕಾರಣವಿಲ್ಲ. ಆದರೂ ಫಲಿತಾಂಶದ ದಿನ ಮನೆಯಲ್ಲಿ ಒಬ್ಬರಾದರೂ ಹುಡುಗನ ಜೊತೆಗಿರುವುದು ಅವಶ್ಯ. ಅಂದು ಬೈಗುಳವೂ ಬೇಡ, ಮುಂದಿನ ಯೋಜನೆಯೂ ಬೇಡ, ಊಟ ಮಾಡಿಸಿದರೆ ಸಾಕು.

ಎಲ್ಲ ಬೇಸರವೂ ತಾನಾಗಿಯೇ ಇಳಿಯುವುದಿಲ್ಲ ಎಂಬ ಎಚ್ಚರವೂ ಇರಬೇಕು. ಎರಡು ವಾರಗಳಿಗೆ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಗೆಳೆಯರನ್ನೂ ಬಿಟ್ಟು ಒಂಟಿಯಾಗಿ ಕುಳಿತರೆ, ಪ್ರೀತಿಯ ವಸ್ತುಗಳನ್ನು ಹಂಚಿಬಿಟ್ಟರೆ, "ನಾ ಇದ್ದರೇನು, ಹೋದರೇನು" ಎಂಬ ಮಾತು ಬಂದರೆ ಅದು ಮನೆಮದ್ದಿನ ಕಾಲವಲ್ಲ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ ದೂರವಿಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿಗಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಸಾಯುವ ಮಾತನ್ನು ಕೇಳಿದರೆ ಆ ವಿಚಾರ ಹೆಚ್ಚಾಗುತ್ತದೆ ಎಂಬ ಭಯದಿಂದ ಕೆಲವರು ಕೇಳುವುದೇ ಇಲ್ಲ. ಅದು ತಪ್ಪು. ನೇರವಾಗಿ, ಮೆಲ್ಲಗೆ ಕೇಳಿದರೆ ಮಕ್ಕಳು ಹಗುರಾಗುತ್ತಾರೆ.

ಇದೆಲ್ಲ ಟ್ರಂಕು ಹಿಡಿದು ಬಸ್ ಹತ್ತುವಷ್ಟು ಅನುಕೂಲವಿದ್ದವರ ಮಾತಾಯಿತು. ಮುಂಡರಗಿ, ಶಿರಹಟ್ಟಿಗಳ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿವೆ. ಅವರ ಮಕ್ಕಳಿಗೆ ಹೊಸ್ತಿಲು ದಾಟುವುದು ಜೀವನದಲ್ಲಿ ಒಮ್ಮೆಯಲ್ಲ, ವರ್ಷಕ್ಕೆ ಎರಡು ಸಲ. ಅರ್ಧ ವರ್ಷ ಒಂದು ಶಾಲೆ, ಅರ್ಧ ವರ್ಷ ಕಟ್ಟಡದ ಮರಳಿನ ರಾಶಿ. ಹೊಸ ಆರಂಭಕ್ಕೆ ಬರುವಷ್ಟರಲ್ಲಿ ಮತ್ತೆ ಮುಕ್ತಾಯ. ಮರಳಿ ಬಂದ ಮಗುವನ್ನು ಹೆಸರು ಹಿಡಿದು ಕರೆದು ಅದರ ಹಳೆಯ ಜಾಗದಲ್ಲಿಯೇ ಕೂರಿಸುವ ಮೇಷ್ಟ್ರು ಎಷ್ಟು ದೊಡ್ಡ ಕೆಲಸ ಮಾಡುತ್ತಾರೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ.

ಮುಂಡರಗಿಯ ಹುಡುಗ ಪಂಚಮಿಗೆ ಊರಿಗೆ ಬಂದ. ಈ ಕಡೆ ನಾಗರಪಂಚಮಿಯೆಂದರೆ ಉಂಡಿ, ಜೋಕಾಲಿ, ಹೆಣ್ಣುಮಕ್ಕಳು ತವರಿಗೆ ಬರುವ ದೊಡ್ಡ ಹಬ್ಬ. ಎರಡು ದಿನ ಅವನು ಕಾಲೇಜಿನ ಮಾತೇ ಎತ್ತಲಿಲ್ಲ, ತಂದೆಯೂ ಕೇಳಲಿಲ್ಲ. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ತಂಗಿಯನ್ನು ತೂಗಿದ, ಹಳೆಯ ಗೆಳೆಯರೊಡನೆ ಅಲೆದ. ಮೂರನೆಯ ದಿನ ಬೆಳಿಗ್ಗೆ ತಾನಾಗಿಯೇ ಚೀಲ ತುಂಬಿಕೊಳ್ಳತೊಡಗಿದ. ನಾಳೆ ಪ್ರಯೋಗಶಾಲೆಯ ಪಾಠವಿದೆ ಎಂದ. ತಾಯಿ ಡಬ್ಬಿಗೆ ಶೇಂಗಾ ಉಂಡಿ, ಎಳ್ಳುಂಡಿ ತುಂಬಿ ಮುಚ್ಚಳ ಹಾಕುತ್ತಿರುವಾಗ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಯವ್ವಾ, ಇನ್ನೊಂದು ಆರು ಉಂಡಿ ಹಾಕು. ರೂಮಿನ್ಯಾಗ ಮೂರು ಮಂದಿ ಅದಾರ."